ಸಣ್ಣ ಗಾಡಿಯಿಂದ 350ಕ್ಕೆ: ನಮ್ಮ ರಸ್ತೆ, ನಮ್ಮ ಜೇಬು, ನಮ್ಮ ಲೆಕ್ಕ

ಗಾಡಿ ಓಡಿಸ್ತಾ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ರೆ ದಯವಿಟ್ಟು ಸೈಡಿಗೆ ಹಾಕಿ, ಇಲ್ಲಾಂದ್ರೆ ಮನೆಗೆ ಹೋಗಿ ಆರಾಮಾಗಿ ಕೇಳಿ. ಇವತ್ತು ಮಾತಾಡೋದೇ ಬೈಕ್ ಬಗ್ಗೆ.

ಕೆಲವು ತಿಂಗಳಿಂದ ನನಗೆ ಬರೋ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಅಣ್ಣಾ, ನಂದು 100 ಸಿಸಿ ಗಾಡಿ. ಈಗ 350 ತಗೊಳ್ಳಾ? ಇಲ್ಲಾ 400ಕ್ಕೆ ಹೋಗ್ಲಾ?" ಈ ಪ್ರಶ್ನೆ ಒಮ್ಮೆಲೇ ಇಷ್ಟು ಜೋರಾಗೋಕೆ ಕಾರಣ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತು. 350 ಸಿಸಿವರೆಗಿನ ಬೈಕುಗಳ ಮೇಲೆ ಶೇ 28 ಇದ್ದ ತೆರಿಗೆ ಶೇ 18ಕ್ಕೆ ಇಳಿಯಿತು. 350 ದಾಟಿದವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯ್ತು. ಕೆಲವು ಕಂಪನಿಗಳು ಆ ಹೆಚ್ಚಳವನ್ನ ಆಗ ಗಿರಾಕಿ ಮೇಲೆ ಹಾಕದೆ ತಾವೇ ನುಂಗಿಕೊಂಡವು, ಅದು ಬೇರೆ ಮಾತು. ಆದ್ರೆ 350 ಅನ್ನೋ ನಂಬರ್ ಈಗ ಒಂದು ಗೇಟ್ ಥರ ನಿಂತಿದೆ. ಗೇಟಿನ ಈ ಕಡೆ ಒಂದು ಲೆಕ್ಕ, ಆ ಕಡೆ ಇನ್ನೊಂದು ಲೆಕ್ಕ.

ನಾನೂ ಈ ಸಾಲಿನಲ್ಲೇ ನಿಂತಿರೋನು. ಏಳು ವರ್ಷದಿಂದ ಒಂದು 125 ಓಡಿಸ್ತಾ ಇದ್ದೀನಿ. ಓದಿದ್ದು ಬಿಕಾಂ, ಹಂಗಾಗಿ ಗಾಡಿ ನೋಡಿದ ಕೂಡ್ಲೇ ಕೈ ಕ್ಯಾಲ್ಕುಲೇಟರ್ ಕಡೆ ಹೋಗುತ್ತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಯಾವ ಕಂಪನಿಯವರೂ ನನಗೆ ಇದಕ್ಕೆ ದುಡ್ಡು ಕೊಟ್ಟಿಲ್ಲ.

ಮೊದಲು ರಸ್ತೆ. ಯೂಟ್ಯೂಬ್ ರಿವ್ಯೂಗಳು ನಂದಿ ಬೆಟ್ಟದ ತಿರುವಿನಲ್ಲೋ ಗೋವಾ ದಾರಿಯಲ್ಲೋ ತೆಗೆದವು. ನಾವು ಓಡಿಸೋದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನಡುವೆ. ಇಲ್ಲಿ ಮೂರು ಥರದ ರಸ್ತೆ ಇವೆ. ಒಂದು, ಹೊಸಪೇಟೆಯಿಂದ ಕೂಡ್ಲಿಗಿ ಮೇಲೆ ಚಿತ್ರದುರ್ಗಕ್ಕೆ ಹೋಗೋ ರಾಷ್ಟ್ರೀಯ ಹೆದ್ದಾರಿ 50. ಅಗಲ ಇದೆ, ಲಾರಿ ಇವೆ, ಸರ್ವೀಸ್ ರಸ್ತೆ ಸುತ್ತೋಕೆ ಬೇಜಾರಾಗಿ ಎದುರಿಗೇ ಬರೋ ಮಹಾನುಭಾವರೂ ಇದ್ದಾರೆ. ಎರಡು, ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗೋ ರಸ್ತೆ. ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್, ಬಣ್ಣ ಹೊಡೆಯದ ಹಂಪು, ಸುಗ್ಗಿ ಬಂತೂಂದ್ರೆ ಅರ್ಧ ರಸ್ತೆಗೆ ರಾಗಿ, ಸಜ್ಜೆ, ಹುರುಳಿ ಹರವಿರ್ತಾರೆ. ಮೂರು, ಊರೊಳಗಿನ ಹಾಗೂ ಹೊಲದ ದಾರಿ. ಅಲ್ಲಿ ಗುರು ಒಂದೇ, ಜಾಲಿ ಮುಳ್ಳು. ಅದಕ್ಕೆ ಬಳ್ಳಾರಿ ಜಾಲಿ ಅಂತ ನಮ್ಮ ಹಳೇ ಜಿಲ್ಲೆಯ ಹೆಸರೇ ಇಟ್ಟಿದ್ದಾರೆ ಅಂದ್ಮೇಲೆ ಕೇಳಬೇಕಾ.

ಈಗ ಒಂದು ಕೆಲಸ ಮಾಡಿ. ಹೋದ ತಿಂಗಳು ನೀವು ಯಾವ ರಸ್ತೆಯಲ್ಲಿ ಎಷ್ಟು ದಿನ ಓಡಿಸಿದ್ರಿ ಅಂತ ಒಂದು ಚೀಟಿಯಲ್ಲಿ ಬರೀರಿ. ನಾನು ಬರೆದೆ. 31 ದಿನದಲ್ಲಿ 27 ದಿನ ಎರಡನೇ ಮತ್ತು ಮೂರನೇ ಥರದ ರಸ್ತೆ. ಹೆದ್ದಾರಿ ಹತ್ತಿದ್ದು ನಾಲ್ಕೇ ದಿನ. ಗಾಡಿ ಬೇಕಾಗಿರೋದು ಈ 27 ದಿನಕ್ಕೆ, ಆಸೆ ಹುಟ್ಟೋದು ಆ ನಾಲ್ಕು ದಿನಕ್ಕೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಂಡ್ರೆ ಶೋರೂಂನಲ್ಲಿ ತಲೆ ತಿರುಗಲ್ಲ.

ಹಾಗಂತ ಆ ನಾಲ್ಕು ದಿನ ಸುಳ್ಳಲ್ಲ. ದೊಡ್ಡ ಗಾಡಿ ಬರೀ ಶೋಕಿ ಅನ್ನೋ ಹಿರಿಯರ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಲೆಕ್ಕ ನೋಡ್ರಿ. ಸ್ಪ್ಲೆಂಡರ್ ಪ್ಲಸ್ ತೂಕ 112 ಕೆಜಿ, ಶಕ್ತಿ 8 ಎಚ್‌ಪಿ. ಇಬ್ಬರು ಕೂತ್ರೆ ಇನ್ನೊಂದು 140 ಕೆಜಿ. ಅಂದ್ರೆ ಒಂದೊಂದು ಎಚ್‌ಪಿ 31.5 ಕೆಜಿ ಎಳೀಬೇಕು. ಕ್ಲಾಸಿಕ್ 350 ತೂಕ 195 ಕೆಜಿ, ಶಕ್ತಿ 20 ಎಚ್‌ಪಿ. ಅದೇ ಇಬ್ಬರು ಕೂತ್ರೆ ಎಚ್‌ಪಿಗೆ 17 ಕೆಜಿ. ಟ್ರಯಂಫ್ ಸ್ಪೀಡ್ 400 ತೂಕ 176 ಕೆಜಿ, ಶಕ್ತಿ 40 ಎಚ್‌ಪಿ. ಅಲ್ಲಿ ಬರೀ 8 ಕೆಜಿ.

ಇದರ ಅರ್ಥ ಏನು? ಹೆದ್ದಾರಿಯಲ್ಲಿ ಮುಂದೆ 60ರಲ್ಲಿ ಒಂದು ಲಾರಿ ಹೋಗ್ತಿದೆ, ಹಿಂದೆ 90ರಲ್ಲಿ ಬಸ್ ಬರ್ತಿದೆ. 100 ಸಿಸಿ ಗಾಡಿಯಲ್ಲಿ ಇಬ್ಬರು ಕೂತು ಆ ಲಾರಿ ದಾಟೋಕೆ ಹೋದ್ರೆ ಪಕ್ಕದಲ್ಲೇ ಬಹಳ ಹೊತ್ತು ಜೊತೆಗೆ ಓಡಬೇಕಾಗುತ್ತೆ. ಅಪಾಯ ಇರೋದೇ ಆ ಹೊತ್ತಿನಲ್ಲಿ. 350 ಆ ಹೊತ್ತನ್ನ ಕಡಿಮೆ ಮಾಡುತ್ತೆ. ಇದು ಶೋಕಿ ಅಲ್ಲ, ಉಪಯೋಗ.

ಎರಡನೇ ಉಪಯೋಗ ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. 125ರವರೆಗಿನವಕ್ಕೆ ಆಗ ಸಿಬಿಎಸ್ ಇದ್ರೆ ಸಾಕಿತ್ತು. ಎಬಿಎಸ್ ಇದ್ರೆ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಲ್ಲ, ಹ್ಯಾಂಡಲ್ ನಿಮ್ಮ ಮಾತು ಕೇಳುತ್ತೆ. ಆದ್ರೆ ರಸ್ತೆ ಮೇಲೆ ಹರವಿದ ರಾಗಿ ಕಾಳಿನ ಮೇಲೆ ಎಬಿಎಸ್ ಪವಾಡ ಮಾಡಲ್ಲ. ಟೈರ್ ರಸ್ತೆಯನ್ನ ಹಿಡಿದ್ರೆ ತಾನೆ ಬ್ರೇಕು? ಕಾಳಿನ ಮೇಲೆ ಹಿಡಿಯೋಕೆ ಏನೂ ಇರಲ್ಲ.

ಇನ್ನೊಂದು, ವೇಗ 60ರಿಂದ 90ಕ್ಕೆ ಹೋದ್ರೆ ಒಂದೂವರೆ ಪಟ್ಟು ಅಂದ್ಕೋತೀವಿ. ಆದ್ರೆ ಗಾಡಿ ನಿಲ್ಲಿಸೋಕೆ ಬ್ರೇಕು ತಿನ್ನಬೇಕಾದ ಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತೆ. ಅದು ಎರಡೂಕಾಲು ಪಟ್ಟು. ಮೇಲೆ ಗಾಡಿನೂ 70, 80 ಕೆಜಿ ಜಾಸ್ತಿ ಭಾರ. ನಮ್ಮ ಕಡೆ ರಸ್ತೆಯಲ್ಲಿ ಯಾರು ಇರ್ತಾರೆ ನೆನಪಿಸ್ಕೊಳ್ಳಿ. ಕೊಟ್ಟೂರೇಶ್ವರ ತೇರಿನ ಸಮಯದಲ್ಲಿ ರಾತ್ರಿಯೆಲ್ಲ ಪಾದಯಾತ್ರೆ. ಭರತ ಹುಣ್ಣಿಮೆಗೆ ಮೈಲಾರದ ಕಾರಣಿಕಕ್ಕೆ ಹೊರಟ ಎತ್ತಿನ ಗಾಡಿಗಳು. ಗುಡೇಕೋಟೆ ಕಡೆ ಹೋದ್ರೆ ಕರಡಿಧಾಮವೇ ಇದೆ. 40 ಎಚ್‌ಪಿ ಇದೆ ಅಂತ ಇವರ ನಡುವೆ ರಾತ್ರಿ ನೂರರಲ್ಲಿ ಹೋಗೋಕಾಗುತ್ತಾ? ಆಗಲ್ಲ. ಹಾಗಾದ್ರೆ ಆ ಶಕ್ತಿಗೆ ಕೊಟ್ಟ ದುಡ್ಡು ವರ್ಷದಲ್ಲಿ ಎಷ್ಟು ದಿನ ಉಪಯೋಗಕ್ಕೆ ಬರುತ್ತೆ, ನೀವೇ ಹೇಳಿ.

ಸರಿ, ಈಗ ಗಾಡಿ ಮುಂದೆ ನಿಂತಿದ್ದೀರಿ. ಏನು ನೋಡಬೇಕು? ನಾನು ನೋಡೋ ಐದು ವಿಷಯ ಹೇಳ್ತೀನಿ.

ಮೊದಲನೇದು, ತಳ್ಳಿ ನೋಡಿ. ಓಡಿಸೋದು ಆಮೇಲೆ. ಎಂಜಿನ್ ಆಫ್ ಮಾಡಿ, ಸ್ವಲ್ಪ ಇಳಿಜಾರಿನಲ್ಲಿ ಹಿಂದಕ್ಕೆ ಎಳೀರಿ. 112 ಕೆಜಿ ಗಾಡಿ ಒಂದು ಕೈಯಲ್ಲಿ ಬರುತ್ತೆ. 195 ಕೆಜಿ ಬರಲ್ಲ. ನಮ್ಮ ಮನೆ ಮುಂದೆ ಕಟ್ಟೆ, ಕಟ್ಟೆ ಮುಂದೆ ಚರಂಡಿ, ಅದರ ಮೇಲೊಂದು ಬಂಡೆ. ದಿನಾ ರಾತ್ರಿ ಆ ಬಂಡೆ ಮೇಲೆ ಹತ್ತಿಸಬೇಕಾದವರು ನೀವು, ಸೇಲ್ಸ್‌ಮನ್ ಅಲ್ಲ.

ಎರಡನೇದು, ಹಿಂದಿನ ಸೀಟು. ನಮ್ಮಲ್ಲಿ ಬೈಕ್ ಅಂದ್ರೆ ಮನೆ ಗಾಡಿ. ಅವ್ವ ಸೀರೆ ಉಟ್ಟುಕೊಂಡು ಒಂದೇ ಕಡೆ ಕಾಲು ಹಾಕಿ ಕೂರ್ತಾರೆ. ಅವರನ್ನೇ ಶೋರೂಂಗೆ ಕರ್ಕೊಂಡು ಹೋಗಿ. ಸೀಟು ಎಷ್ಟು ಎತ್ತರ, ಹಿಡ್ಕೊಳ್ಳೋಕೆ ಏನಿದೆ, ಕಾಲಿಡೋಕೆ ಜಾಗ ಇದೆಯಾ, ಸೀರೆ ಸೆರಗು ಚಕ್ರಕ್ಕೆ ಹೋಗದ ಹಾಗೆ ಗಾರ್ಡ್ ಇದೆಯಾ, ಅವರೇ ಹೇಳ್ಲಿ. ನಾನು ಕರ್ಕೊಂಡು ಹೋಗಿದ್ದೆ. ಮೂರು ಗಾಡಿ ಮೇಲೆ ಕೂತು ನೋಡಿ ಅವ್ವ ಹೇಳಿದ್ದು ಒಂದೇ ಮಾತು: "ಇದು ನಿನಗಷ್ಟ ಐತಿ, ಅದು ಇಬ್ರಿಗೂ ಐತಿ." ಎರಡು ತಾಸು ರಿವ್ಯೂ ವಿಡಿಯೋ ನೋಡಿದ್ರೂ ನನಗೆ ಅಷ್ಟು ಸ್ಪಷ್ಟ ಆಗಿರಲಿಲ್ಲ. ಹಿಂದೆ ಕೂರೋರಿಗೂ ಐಎಸ್‌ಐ ಹೆಲ್ಮೆಟ್ ಬೇಕು. ಅದರ ದುಡ್ಡನ್ನೂ ಈಗಲೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಮೂರನೇದು, ಚಕ್ರ. ಸ್ಪೋಕ್ ಚಕ್ರ ಚಂದ ಕಾಣುತ್ತೆ, ಆದ್ರೆ ಸಾಮಾನ್ಯವಾಗಿ ಒಳಗೆ ಟ್ಯೂಬ್ ಇರುತ್ತೆ. ಜಾಲಿ ಮುಳ್ಳು ಚುಚ್ಚಿದ್ರೆ ಗಾಳಿ ಪಟ್ಟಂತ ಹೋಗುತ್ತೆ, ಚಕ್ರ ಬಿಚ್ಚಬೇಕು. ಊರಿಂದ ಎಂಟು ಕಿಲೋಮೀಟರ್ ಆಚೆ, ರಾತ್ರಿ ಒಂಬತ್ತಕ್ಕೆ, 195 ಕೆಜಿ ಗಾಡಿ ತಳ್ಳೋದನ್ನ ಒಮ್ಮೆ ಕಣ್ಣಮುಂದೆ ತಂದ್ಕೊಳ್ಳಿ. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್ ಇದ್ರೆ ಗಾಳಿ ನಿಧಾನಕ್ಕೆ ಇಳಿಯುತ್ತೆ, ಹೊರಗಿಂದಲೇ ಪಟ್ಟಿ ತುರುಕಿ ಸರಿ ಮಾಡಬಹುದು. ಒಂದೇ ಗಾಡಿಯಲ್ಲೂ ಕಡಿಮೆ ಬೆಲೆ ಮಾದರಿಗೆ ಸ್ಪೋಕ್, ಮೇಲಿನ ಮಾದರಿಗೆ ಅಲಾಯ್ ಇರೋದುಂಟು. ನಮ್ಮ ಕಡೆಗೆ ಆ ವ್ಯತ್ಯಾಸದ ದುಡ್ಡು ಕೊಡೋದು ನ್ಯಾಯ.

ನಾಲ್ಕನೇದು, ಸರ್ವೀಸ್. 100 ಸಿಸಿ ಗಾಡಿ ಕೆಟ್ರೆ ಸಂತೆ ದಿನ ಮರದ ಕೆಳಗೆ ಕೂತಿರೋ ಮೆಕ್ಯಾನಿಕ್ ಕೂಡ ರಿಪೇರಿ ಮಾಡ್ತಾನೆ. ಫ್ಯುಯೆಲ್ ಇಂಜೆಕ್ಷನ್, ಸೆನ್ಸರ್, ಲಿಕ್ವಿಡ್ ಕೂಲಿಂಗ್ ಇರೋ ಗಾಡಿಗೆ ಕಂಪನಿ ಸರ್ವೀಸ್ ಬೇಕು. ಹೊಂಡಾ ಸಿಬಿ 350 ಥರದವು ಬಿಗ್‌ವಿಂಗ್ ಅನ್ನೋ ಪ್ರತ್ಯೇಕ ಶೋರೂಂನಲ್ಲಿ ಮಾರಾಟ ಆಗ್ತವೆ. ನೀವು ಮೆಚ್ಚಿದ ಗಾಡಿಯ ಸರ್ವೀಸ್ ಹೊಸಪೇಟೆಯಲ್ಲಿದೆಯಾ, ದಾವಣಗೆರೆಯಲ್ಲಿದೆಯಾ, ಬಳ್ಳಾರಿಗೇ ಹೋಗಬೇಕಾ, ಮೊದಲೇ ಫೋನ್ ಮಾಡಿ ಕೇಳಿ. ಹೋಗಿಬರೋ ಪೆಟ್ರೋಲ್, ಒಂದು ದಿನದ ಸಂಬಳ, ಎರಡೂ ಸೇರಿದ್ರೇನೇ ಅದು ಸರ್ವೀಸ್ ಖರ್ಚು.

ಐದನೇದು, ಟ್ಯಾಂಕ್. ದೊಡ್ಡ ಗಾಡಿ ಅಂದ್ರೆ ದೂರ ಹೋಗುತ್ತೆ ಅಂದ್ಕೋತೀವಿ. ಸ್ಪ್ಲೆಂಡರ್ ಟ್ಯಾಂಕ್ 9.8 ಲೀಟರ್. ಲೀಟರಿಗೆ 60 ಹಿಡಿದ್ರೆ 588 ಕಿಲೋಮೀಟರ್. ಕ್ಲಾಸಿಕ್ ಟ್ಯಾಂಕ್ 13 ಲೀಟರ್. 35 ಹಿಡಿದ್ರೆ 455. ಟ್ಯಾಂಕ್ ದೊಡ್ಡದು, ದಾರಿ ಸಣ್ಣದು!

ಈಗ ನನ್ನ ಇಷ್ಟದ ಜಾಗಕ್ಕೆ ಬಂದೆ. ದುಡ್ಡು. ಇದಕ್ಕೆ ಒಂದು ಮೆಸೇಜನ್ನೇ ಇಟ್ಕೊಂಡು ಮಾತಾಡೋಣ. ಕೊಟ್ಟೂರು ಹತ್ತಿರದ ಹಳ್ಳಿಯ ಹುಡುಗ, ವಯಸ್ಸು 24. ಕೂಡ್ಲಿಗಿಯಲ್ಲಿ ಕೆಲಸ, ಸಂಬಳ 18 ಸಾವಿರ. ದಿನಾ ಹೋಗಿಬರೋದು 40 ಕಿಲೋಮೀಟರ್. ಮನೆಯಲ್ಲಿ ಒಂದೇ ಗಾಡಿ, ಸ್ಪ್ಲೆಂಡರ್. ಅದನ್ನ ಕೊಟ್ಟು 350 ತಗೋಬೇಕು ಅಂತ ಆಸೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ 60 ಸಾವಿರ ಕೊಡ್ತೀನಿ ಅಂದಿದ್ದಾರೆ. ಉಳಿದದ್ದು ಲೋನ್. "ಬಡ್ಡಿ ಎಂಟೇ ಪರ್ಸೆಂಟ್ ಅಣ್ಣಾ" ಅಂತ ಬರೆದಿದ್ದಾನೆ. ತಂಗಿ ಪಿಯುಸಿ ಓದ್ತಿದ್ದಾಳೆ ಅನ್ನೋದನ್ನೂ ಬರೆದಿದ್ದಾನೆ. ಅದು ಬಹಳ ಮುಖ್ಯ.

ಆನ್‌ರೋಡ್ ಬೆಲೆ 2,40,000 ಅಂತ ಲೆಕ್ಕಕ್ಕೆ ಹಿಡಿಯೋಣ. ಕರ್ನಾಟಕದಲ್ಲಿ ಲಕ್ಷ ದಾಟಿದ ಬೈಕಿಗೆ ಆಜೀವ ತೆರಿಗೆಯೇ ಶೇ 18, ಹಾಗಾಗಿ ಶೋರೂಂ ಬೆಲೆ ನೋಡಿ ಮರುಳಾಗಬೇಡಿ. 60 ಸಾವಿರ ಕಟ್ಟಿದ್ರೆ ಸಾಲ 1,80,000. ಎಂಟು ಪರ್ಸೆಂಟ್ ಅಂದ್ರಲ್ಲ, ಅದು ಫ್ಲಾಟ್ ರೇಟ್. ಅಂದ್ರೆ ನೀವು ಅಸಲು ತೀರಿಸ್ತಾ ಹೋದ್ರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಸಾಲದ ಮೇಲೇ. ಮೂರು ವರ್ಷಕ್ಕೆ ಬಡ್ಡಿ 43,200. ತಿಂಗಳ ಕಂತು 6,200. ಇದನ್ನ ಬ್ಯಾಂಕಿನ ಥರ, ಉಳಿದ ಸಾಲದ ಮೇಲಷ್ಟೇ ಬಡ್ಡಿ ಅಂತ ಲೆಕ್ಕ ಹಾಕಿದ್ರೆ ಸುಮಾರು ಹದಿನಾಲ್ಕೂವರೆ ಪರ್ಸೆಂಟ್ ಆಗುತ್ತೆ. ಪಕ್ಕದ ಬ್ಯಾಂಕು "12 ಪರ್ಸೆಂಟ್, ರೆಡ್ಯೂಸಿಂಗ್" ಅಂದ್ರೆ ಕಂತು 5,979, ಒಟ್ಟು ಬಡ್ಡಿ ಸುಮಾರು 35,200. ನೋಡ್ರಿ, 12 ಅನ್ನೋದು 8ಕ್ಕಿಂತ ಅಗ್ಗ! ಹಂಗಾಗಿ ಕೇಳಬೇಕಾದ ಪ್ರಶ್ನೆ "ಬಡ್ಡಿ ಎಷ್ಟು" ಅಂತಲ್ಲ. "ಫ್ಲಾಟಾ, ರೆಡ್ಯೂಸಿಂಗಾ? ಕೊನೆಗೆ ಒಟ್ಟು ಎಷ್ಟು ಕಟ್ತೀನಿ?" ಅಂತ ಕೇಳಿ, ಕಾಗದದ ಮೇಲೆ ಬರೆಸ್ಕೊಳ್ಳಿ.

ಪೆಟ್ರೋಲ್ ಲೀಟರಿಗೆ ನೂರು ಅಂತ ಹಿಡಿಯೋಣ, ಲೆಕ್ಕ ಸುಲಭ. ದಿನಕ್ಕೆ 40, ತಿಂಗಳಿಗೆ 26 ದಿನ, ಒಟ್ಟು 1,040 ಕಿಲೋಮೀಟರ್. 60 ಕೊಡೋ ಗಾಡಿಗೆ 1,733 ರೂಪಾಯಿ. 35 ಕೊಡೋ ಗಾಡಿಗೆ 2,971. ವ್ಯತ್ಯಾಸ ತಿಂಗಳಿಗೆ ಸುಮಾರು 1,240. ಕಂತು, ಈ ಹೆಚ್ಚುವರಿ ಪೆಟ್ರೋಲ್ ಸೇರಿದ್ರೆ ಏಳು ಸಾವಿರದ ಮೇಲೆ. 18 ಸಾವಿರ ಸಂಬಳದಲ್ಲಿ ಶೇ 40.

ಇನ್ಶೂರೆನ್ಸ್ ಕೂಡ ಇದೆ. 2022ರ ಜೂನ್ 1ರಿಂದ ಬಂದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ ಹೊಸ ಗಾಡಿಗೆ ಐದು ವರ್ಷದ್ದು ಒಟ್ಟಿಗೆ ಕಟ್ಟಬೇಕಾದ್ದು, 75ರಿಂದ 150 ಸಿಸಿಗೆ 3,851 ರೂಪಾಯಿ, 150ರಿಂದ 350ಕ್ಕೆ 7,365, 350 ದಾಟಿದ್ರೆ 15,117. ಜಿಎಸ್‌ಟಿ ಬೇರೆ. ಇಲ್ಲೂ ಅದೇ 350ರ ಗೇಟು ನೋಡಿ.

ಇದರ ಮೇಲೆ ನಮ್ಮ ಕಡೆಯದೇ ಒಂದು ಕಷ್ಟ ಇದೆ. ಕಂತು ತಿಂಗಳಿಗೊಮ್ಮೆ ಬರುತ್ತೆ, ನಮ್ಮ ಮನೆಗಳಿಗೆ ದುಡ್ಡು ಸುಗ್ಗಿಗೊಮ್ಮೆ ಬರುತ್ತೆ. ಮಳೆ ಕೈಕೊಟ್ಟ ವರ್ಷ ಅಪ್ಪನ ಮೆಕ್ಕೆಜೋಳಕ್ಕೆ ಇಳುವರಿ ಇರಲ್ಲ, ಬ್ಯಾಂಕಿನ ಐದನೇ ತಾರೀಖು ಮಾತ್ರ ತಪ್ಪದೆ ಬರುತ್ತೆ. ಆಗ ಮನೆ ನಡೆಯೋದು ಈ ಹುಡುಗನ ಸಂಬಳದ ಮೇಲೆ. ಅದರಲ್ಲಿ ಏಳು ಸಾವಿರ ಗಾಡಿಗೆ ಹೋದ್ರೆ ಪಿಯುಸಿ ಮುಗಿಸಿದ ತಂಗಿಗೆ "ಮುಂದೆ ಓದೋದು ಬೇಡ" ಅನ್ನೋ ಮಾತು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಾನಾಗೇ ನಡೆದುಹೋಗುತ್ತೆ. ಅದಕ್ಕೇ ಇದು ಬರೀ ಬೈಕ್ ಪ್ರಶ್ನೆ ಅಲ್ಲ ಅಂದಿದ್ದು.

ಹಾಗಾಗಿ ಆ ತಮ್ಮನಿಗೆ ನನ್ನ ಉತ್ತರ: ಈ ಸುಗ್ಗಿಗೆ ಬೇಡ. ಬೇಡವೇ ಬೇಡ ಅಂತಲ್ಲ, ಈಗ ಬೇಡ. ಮುಂದಿನ ಎರಡು ವರ್ಷ ತಿಂಗಳಿಗೆ 5,000 ಒಂದು ಆರ್‌ಡಿಗೆ ಹಾಕು. ಬಡ್ಡಿ ಬಿಟ್ಟೇ 1,20,000 ಆಗುತ್ತೆ. ಆ ಎರಡು ವರ್ಷದಲ್ಲಿ 5,000 ಕಟ್ಟೋಕಾಗದ ತಿಂಗಳು ಎಷ್ಟು ಬಂದವು ಅಂತ ಬರೆದಿಡು. ಒಂದೂ ಬರಲಿಲ್ಲ ಅಂದ್ರೆ ಅರ್ಧ ದುಡ್ಡು ಕೈಯಲ್ಲಿ, ಅರ್ಧ ಸಾಲ. 1,20,000ಕ್ಕೆ 12 ಪರ್ಸೆಂಟ್ ರೆಡ್ಯೂಸಿಂಗ್, 24 ತಿಂಗಳು ಅಂದ್ರೆ ಕಂತು 5,649, ಒಟ್ಟು ಬಡ್ಡಿ 15,600 ಹತ್ತಿರ. ಮೊದಲಿನ 43,200 ಎಲ್ಲಿ, ಇದು ಎಲ್ಲಿ. ನಾಲ್ಕೈದು ತಿಂಗಳು ಕಟ್ಟೋಕಾಗಲಿಲ್ಲ ಅಂದ್ರೆ ಆ ಸಾಲ ನಿನಗೆ ಏನು ಮಾಡ್ತಿತ್ತು ಅಂತ, ಸಾಲ ಮಾಡದೇನೇ ಗೊತ್ತಾಗುತ್ತೆ. ಅಪ್ಪನ 60 ಸಾವಿರ ಅಪ್ಪನ ಹತ್ರಾನೇ ಇರಲಿ.

ಇನ್ನೊಂದು ಮಾತು. ದೊಡ್ಡ ಗಾಡಿ ತಗೊಂಡ್ರೂ ಸ್ಪ್ಲೆಂಡರ್ ಮಾರಬೇಡಿ. ಎಕ್ಸ್‌ಚೇಂಜ್‌ಗೆ ಅವರು ಕೊಡೋದು ಸಣ್ಣ ಮೊತ್ತ. ಅದೇ ಗಾಡಿ ಹೊಲಕ್ಕೆ ಗೊಬ್ಬರದ ಚೀಲ ಹೊರುತ್ತೆ, ಹಾಲಿನ ಕ್ಯಾನ್ ಹೊರುತ್ತೆ, ಅಪ್ಪ ಯಾವ ಹೆದರಿಕೆಯೂ ಇಲ್ಲದೆ ಓಡಿಸ್ತಾರೆ. 195 ಕೆಜಿ ಗಾಡಿಯನ್ನ ಅರವತ್ತರ ಅಪ್ಪ ಹೊಲದ ಬದುವಿನಲ್ಲಿ ತಿರುಗಿಸೋಕಾಗಲ್ಲ.

ಹಾಗಾದ್ರೆ ಯಾರಿಗೆ ಯಾವುದು? ಊರಿಂದ ತಾಲ್ಲೂಕಿಗೆ ದಿನಾ ಹೋಗಿಬರೋರು, ಆಗಾಗ ಹೆದ್ದಾರಿ ಹತ್ತೋರು, 200ರಿಂದ 250 ಸಿಸಿ ನೋಡಿ. ಪಲ್ಸರ್ ಎನ್250, ಎಕ್ಸ್‌ಪಲ್ಸ್ 200 ಥರದವು 160 ಕೆಜಿ ಆಸುಪಾಸು ತೂಗ್ತವೆ, ತಳ್ಳೋಕೂ ಬರ್ತವೆ. ಹಿಂದೆ ಮನೆಯವರನ್ನ ಕೂರಿಸ್ಕೊಂಡು 70, 80ರಲ್ಲಿ ನಿಶ್ಚಿಂತೆಯಾಗಿ ಹೋಗೋರಿಗೆ 350. ತಿಂಗಳಿಗೆ ಎರಡು ಮೂರು ಸಲ ಬೆಂಗಳೂರಿಗೋ ಹುಬ್ಬಳ್ಳಿಗೋ ಒಬ್ಬರೇ ಹೋಗೋರು, ದುಡಿಮೆ ಗಟ್ಟಿ ಇರೋರು, 400 ನೋಡಬಹುದು. ಲೈಸೆನ್ಸ್ ಮೂರಕ್ಕೂ ಒಂದೇ. ಗೇರ್ ಬೈಕ್ ಲೈಸೆನ್ಸ್ ಇದ್ರೆ ನಮ್ಮ ದೇಶದಲ್ಲಿ ಮರುದಿನವೇ 650 ಓಡಿಸಬಹುದು. ಸರ್ಕಾರ ನಮ್ಮನ್ನ ತಡೆಯಲ್ಲ, ಹಾಗಾಗಿ ತಡೆಯೋ ಕೆಲಸ ನಮ್ಮದೇ. ಮೊದಲ ಸಾವಿರ ಕಿಲೋಮೀಟರ್ ಹಿಂದೆ ಯಾರನ್ನೂ ಕೂರಿಸದೆ, ಖಾಲಿ ರಸ್ತೆಯಲ್ಲಿ ಬ್ರೇಕ್ ಹಿಡಿದು ಅಭ್ಯಾಸ ಮಾಡಿ.

ಸೆಕೆಂಡ್ ಹ್ಯಾಂಡ್ ನೋಡೋರಿಗೆ ಎರಡು ಮಾತು. ಆರ್‌ಸಿಯಲ್ಲಿ ಹಳೇ ಸಾಲದ ನಮೂದು ಇದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ಫಾರಂ 29, 30 ಹಾಕಿ ಹೆಸರು ವರ್ಗಾವಣೆ ಮುಗಿಸಿ, ಇನ್ಶೂರೆನ್ಸೂ ನಿಮ್ಮ ಹೆಸರಿಗೆ ಬರಲಿ. ನಂಬರ್ ಕೆಎ 35 ಇರಲಿ, ಬಳ್ಳಾರಿಯ 34 ಇರಲಿ, ದಾವಣಗೆರೆಯ 17 ಇರಲಿ, ಚಾಸಿ ನಂಬರ್ ಓದಿ ಆರ್‌ಸಿ ಜೊತೆ ಹೋಲಿಸಿ. ಹರಪನಹಳ್ಳಿ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇದ್ದದ್ದು, ಹಾಗಾಗಿ ಅಲ್ಲಿ 17 ಕಂಡ್ರೆ ಗಾಬರಿ ಬೇಡ.

ಬಿಲ್ ಬಗ್ಗೆಯೂ ಹೇಳಿಬಿಡ್ತೀನಿ. ನಾನು ಹೋದ ಒಂದು ಶೋರೂಂನಲ್ಲಿ, ಹೆಸರು ಬೇಡ, "ಹ್ಯಾಂಡ್ಲಿಂಗ್" ಅಂತ ಒಂದು ಸಾಲು, "ಆಕ್ಸೆಸರಿ ಕಿಟ್" ಅಂತ ಇನ್ನೊಂದು ಸಾಲು ಕೇಳದೇನೇ ಸೇರಿಸಿದ್ರು. ಒಂದೊಂದು ಸಾಲಿಗೂ ಬೆರಳಿಟ್ಟು "ಇದು ಏನು ಸರ್?" ಅಂತ ಕೇಳ್ದೆ. ಎರಡೂ ಹೋದವು. ನೀವೂ ಬೆರಳಿಟ್ಟು ಕೇಳಿ.

ನನ್ನ ತೀರ್ಮಾನ? ಅಲಾಯ್ ಚಕ್ರದ ಹಂಟರ್ 350. 181 ಕೆಜಿ, ಸೀಟು 790 ಮಿಲಿಮೀಟರ್, ಬಂಡೆ ಮೇಲೆ ಹತ್ತಿಸಿ ಇಳಿಸಿ ನೋಡಿದ್ದಾಗಿದೆ. ಮುಕ್ಕಾಲು ದುಡ್ಡು ಕೂಡಿದೆ. ಪೂರ್ತಿ ಕೂಡೋವರೆಗೆ 125ರ ಚೈನಿಗೆ ಎಣ್ಣೆ ಬಿಡ್ತಾ ಇರ್ತೀನಿ. ನಿಮ್ಮ ಹೋದ ತಿಂಗಳ ಚೀಟಿ ಬರೆದು ಕಳಿಸಿ, ಎಷ್ಟು ದಿನ ಯಾವ ರಸ್ತೆ, ಸಂಬಳ ಎಷ್ಟು, ಹಿಂದೆ ಕೂರೋರು ಯಾರು ಅಂತ. ಮುಂದಿನ ಸಲ ಹೆಸರು ಹೇಳದೆ ನಾಲ್ಕೈದು ಚೀಟಿ ಲೆಕ್ಕ ಒಟ್ಟಿಗೆ ಮಾಡೋಣ. ಹೆಲ್ಮೆಟ್ ಪಟ್ಟಿ ಬಿಗಿ ಇರಲಿ.